ಮಂಗಲಾ ಕೊಡಲಿಲ್ಲ, ನಾನೇ ತಿಂದೆ

ಮಂಗಲಾ, ಆಪರೇಷನ್ ದಿನ ಬೆಳಿಗ್ಗೆ ನನಗೆ ಕುಂದಾ ತಿನ್ನಿಸಿದವಳು ನೀನಲ್ಲ. ನಾನೇ ಕದ್ದು ತಿಂದೆ. ತಿಂದು, ನಿನ್ನ ಹೆಸರು ಹೇಳಿದೆ. ಐದು ವರ್ಷ ಆಯಿತು, ಬಾಯಿ ಬಿಟ್ಟಿಲ್ಲ.

ನಾನು ಕಲಿತದ್ದು ಮೂರನೇ ಇಯತ್ತೆ. ಅಕ್ಷರ ಓರೆಕೋರೆ ಬರುತ್ತವೆ, ಬರಲಿ. ಇದು ಇನ್ನೊಬ್ಬರಿಂದ ಬರೆಸುವ ಮಾತಲ್ಲ. ನಿನ್ನೆ ನಾನು ನಿನ್ನ ತವರಿಗೆ ಬಂದಾಗ ನೀನು ಕೂಸನ್ನು ನನ್ನ ಬಲಗೈ ಮೇಲೆ ಮಲಗಿಸಿದಿ ನೋಡು — ನನ್ನ ಮೊಮ್ಮಗಳು! ಹನ್ನೊಂದು ದಿನದ ಜೀವ, ಶೇಂಗಾ ಕಾಳಿನಂಥ ಮೂಗು! — ಆ ಬಿಸುಪು ನನ್ನ ಬೆರಳ ತುದಿಯ ತನಕ ಹತ್ತಿತು. ಖಾನಾಪುರಕ್ಕೆ ಬರುವ ಬಸ್ಸಿನಲ್ಲಿ ಗುರುತಿಲ್ಲದವರಿಗೆಲ್ಲ ಹೇಳಿಕೊಂಡು ನಕ್ಕೆ. ಮನೆಗೆ ಬಂದ ಮೇಲೆ ಅಂಜಿಕೆ ಬಂತು. ಇಷ್ಟು ಸುಖ, ಈ ಕೈಗೆ...

ಐದು ವರ್ಷದ ಹಿಂದೆ ಈ ಕೈ ನನ್ನದಾಗಿರಲಿಲ್ಲ. ಹೊರೆ ಹೊತ್ತು ಹೊತ್ತು ಕುತ್ತಿಗೆಯಲ್ಲಿ ನರ ಒತ್ತಿಕೊಂಡು ಕೈ ಜೋಮು ಹಿಡಿದಿದೆ ಅಂದಿದ್ದರು ಡಾಕ್ಟರು. ಒಂದು ಮಧ್ಯಾಹ್ನ ನಿದ್ದೆಯಿಂದ ಎದ್ದರೆ ಎದೆ ಮೇಲೆ ಯಾರದೋ ಕೈ. ತಣ್ಣಗೆ, ಭಾರ. ಚೀರಿ, ಎಡಗೈಲಿ ಎತ್ತಿ ಒಗೆದೆ — ಅದು ನನ್ನ ಭುಜಕ್ಕೇ ಇತ್ತು. ಬಳೆ ನನ್ನವು. ಅಂದಿನಿಂದ ಅದನ್ನು ನೋಡಿದರೆ, ಕರೆಯದೆ ಬಂದು ಬಾಜೂಕ್ಕೆ ಕುಂತವರನ್ನು ನೋಡಿದಂತೆ ಆಗುತ್ತಿತ್ತು.

ಬೆಳಗಾವಿಯ ಆಸ್ಪತ್ರೆಯಲ್ಲಿ ಹೊಸ ಯಂತ್ರ ಬಂದಿದೆ, ಅದರ ದುರ್ಬೀನಿನಲ್ಲಿ ಕೂದಲಿನಂಥ ನರ ಹಗ್ಗದಷ್ಟು ಕಾಣುತ್ತದೆ, ಅಂಜಬೇಡಿ ಅಂದರು. ಆಪರೇಷನ್ ಕೋಣೆಯ ಬಾಗಿಲು ತೆರೆದಾಗ ನಾನು ಆ ಯಂತ್ರ ನೋಡಿದೆ. ಆಳೆತ್ತರ, ಮೈತುಂಬ ಬಿಳಿ ಬಟ್ಟೆ, ಒಂದೇ ಒಂದು ಉದ್ದ ಕೈ ಚಾಚಿ ನಿಂತಿತ್ತು. ಗಾಳಿ ಇರಲಿಲ್ಲ, ಬಟ್ಟೆ ಅಲುಗಿತು. ಒಂದು ಕೈ ಆಗಲೇ ನನ್ನ ಮಾತು ಕೇಳುತ್ತಿರಲಿಲ್ಲ. ಇನ್ನೊಂದು ಕೈ ಕುತ್ತಿಗೆಯ ಒಳಗೆ ಇಳಿದರೆ —

ನರ್ಸಬಾಯಿ ಹೇಳಿದ್ದಳು: "ಆಯೀ, ನೀರ ಸೈತ ಬ್ಯಾಡ್ರಿ. ಹೊಟ್ಟ್ಯಾಗ ಏನರ ಇದ್ರ, ಎಚ್ಚರ ತಪ್ಪಿಸಿದಾಗ ಉಸರಿಗೆ ಸಿಕ್ಕು ಜೀವಾ ಹೋಗ್ತೈತಿ. ತಿಂದ್ರಿ ಅಂದ್ರ ಇವತ್ತ ಆಪರೇಷನ್ನ ಇಲ್ಲ."

ಆ ಕೊನೆಯ ಮಾತು ನಾನು ಹಿಡಿದುಕೊಂಡೆ.

ಆಪರೇಷನ್ ಆದ ಮೇಲೆ ವಾರ್ಡಿಗೆ ಸಿಹಿ ಹಂಚಲು ನೀನು ಕುಂದಾ ತಂದಿಟ್ಟಿದ್ದಿ. ನೀನು ಬಿಸಿನೀರಿಗೆ ಹೋದ ಹೊತ್ತಿನಲ್ಲಿ ಡಬ್ಬಿ ತೆಗೆದೆ. ಬಲಗೈ ಬಾಯಿಗೆ ಬರುವುದು ಕಣ್ಣಿಗೆ ಕಂಡಿತು, ಬೆರಳಿಗೆ ಏನೂ ತಿಳಿಯಲಿಲ್ಲ — ಬೇರೆ ಯಾರೋ ತಿನ್ನಿಸಿದ ಹಾಗೆ.

ತಿಂದೆ ಅಂತ ನಾನೇ ಹೇಳಿದಾಗ, "ಯಾರ ಕೊಟ್ರು?" ಅಂದಳು ನರ್ಸಬಾಯಿ. ಮಗ ಬಸು ಬಾಗಿಲಲ್ಲೇ ಇದ್ದ.

"ಸೊಸಿ ಕೊಟ್ಲು. ಒಂದ ತುತ್ತ ತಿನ್ರಿ ಅತ್ತಿ, ಏನ್ ಆಗೂದಿಲ್ಲ ಅಂದ್ಲು."

ಥರ್ಮಾಸು ಹಿಡಿದು ನೀನು ಒಳಗೆ ಬಂದಿ. ನನ್ನ ಮಗ, ನಿನ್ನ ಗಂಡ, ಇಡೀ ವಾರ್ಡಿನ ಎದುರು ಒದರಿದ: "ನಮ್ಮವ್ವನ್ನ ಕೊಂದಹಾಕಾಕ ಬಂದೀ ಏನ?" ನೀನು ನನ್ನ ಕಡೆ ನೋಡಿದಿ. ಒಂದೇ ಸಲ. ನಾನು ಕಣ್ಣು ಮುಚ್ಚಿದೆ.

ಅವತ್ತಿನ ಆಪರೇಷನ್ ನಿಂತಿತು. ಎರಡು ತಿಂಗಳ ಮೇಲೆ ಅದೇ ಯಂತ್ರದ ಕೆಳಗೆ ಮಲಗಿದೆ, ಏನೂ ಆಗಲಿಲ್ಲ. ಕೈ ತಿರುಗಿ ಬಂತು. ಆದರೆ ಊರಲ್ಲಿ ನೀನು 'ಅತ್ತಿ ಜೀವಕ್ಕ ಹೋದಾಕಿ' ಆದಿ. ಒಂದು ದಿನ ನೀನು ಚಾ ಕೊಟ್ಟಾಗ ನನ್ನ ನೆಗೆಣ್ಣಿ ಗಂಗವ್ವ, "ಮೊದಲ ನೀ ಕುಡ್ಯಾ ತಂಗಿ, ಉಳದ್ರ ನಾವ್ ಕುಡೀತೀವಿ!" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಮಂಗಲಾ.

ಅವತ್ತಿನಿಂದ ನೀನು ನನ್ನ ತಾಟಿನ ಮೊದಲ ತುತ್ತು ನನ್ನ ಎದುರೇ ತಿಂದು, ನುಂಗಿ, ಆಮೇಲೆ ತಾಟು ಇಡುತ್ತಿ. ದಿನಕ್ಕೆ ಎರಡು ಸಲ. ಸಿಟ್ಟಿಲ್ಲ. ಈಗ ನೀನು ಬಾಣಂತನಕ್ಕೆ ಹೋಗಿ ತಿಂಗಳಾದರೂ, ನಾನು ಒಬ್ಬಳೇ ಉಣ್ಣಲು ಕುಂತರೆ ಬಾಜೂಕ್ಕೆ ಯಾರೋ ನುಂಗಿದ ಸದ್ದು ಕೇಳುತ್ತದೆ. ತಿರುಗಿ ನೋಡಿದರೆ ಗೋಡೆ. ಮತ್ತೆ ತುತ್ತು ಎತ್ತಿದರೆ, ಮತ್ತೆ ಆ ಸದ್ದು.

ತಿಂದದ್ದು ಕೈ, ನಾನಲ್ಲ ಅಂತ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಕೈ ಜೋಮು ಹಿಡಿದಿತ್ತು, ನಾಲಿಗೆಗೆ ಏನೂ ಆಗಿರಲಿಲ್ಲ.

ನಾಳೆ ಮಹಾಂತೇಶ ನಗರದ ನಿನ್ನ ತವರುಮನೆಯಲ್ಲಿ ಕೂಸಿಗೆ ಹೆಸರಿಡುತ್ತೀರಿ. ನಿನ್ನ ಅವ್ವ ಅಪ್ಪ, ಬಸು, ಗಂಗವ್ವ, ಎಲ್ಲರೂ ಇರುತ್ತಾರೆ. ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಮೊದಲು, ಅಷ್ಟೂ ಜನರ ಕಿವಿಗೆ ಬೀಳುವಂತೆ ನಾನು ಎದ್ದು ನಿಂತು ಹೇಳುತ್ತೇನೆ. ಆಮೇಲೆ ಕೂಸನ್ನು ನನ್ನ ತೊಡೆಗೆ ಕೊಡುವುದು, ಬಿಡುವುದು ನಿನ್ನ ಮನಸ್ಸು. ಕೊಡು ಅಂತ ಮಾತ್ರ ನಾನು ಕೇಳುವುದಿಲ್ಲ.