ಥಾಣೆಯ ನಂತರದ ಸೀಟು

ಮೊನ್ನೆ ಭಾನುವಾರ ಲಾಫ್ಟ್ ಖಾಲಿ ಮಾಡುವಾಗ ನನ್ನ ಹಳೆಯ ನೋಟುಪುಸ್ತಕವೊಂದು ಮಗಳ ಕೈಗೆ ಸಿಕ್ಕಿತು. ಜಗತ್ತಿನ ವಸಾಹತುಗಳು ಒಂದೊಂದಾಗಿ ಸ್ವತಂತ್ರವಾದ ಚರಿತ್ರೆ. ಅಂಚೆ ಮೂಲಕ ಎಂ.ಎ. ಓದುವಾಗ ನಾನೇ ಬರೆದುಕೊಂಡ ಟಿಪ್ಪಣಿ. ಈಗ ಬಿ.ಎ.ಯಲ್ಲಿ ಅವಳದ್ದೂ ಅದೇ ಪಾಠ. ಪುಟ ತಿರುವಿ, "ಪಪ್ಪಾ, ಯೇ ಘಾನಾ ಲಿಖಾ ಹೈ ಯಾ ಇಸಿಜಿ ಹೈ?" ಎಂದಳು, ಘಾನಾ ದೇಶದ ಹೆಸರೋ ಇಸಿಜಿಯ ಗೆರೆಯೋ ಎಂದು. ನಾವು ಕನ್ನಡದಲ್ಲಿ ಕೇಳುವುದು, ಅವಳು ಹಿಂದಿಯಲ್ಲಿ ಉತ್ತರಿಸುವುದು ನಮ್ಮ ಮನೆಯ ಪದ್ಧತಿ. "ಅದು ಪಾರ್ಸಿಕ್ ಸುರಂಗ," ಎಂದೆ. ಅಲ್ಲಿ ರೈಲುಗಾಡಿ ಕುಲುಕಿದಷ್ಟೂ ನನ್ನ ಅಕ್ಷರ ಕುಲುಕಿತ್ತು.

ಹೌದು, ಆಫ್ರಿಕಾ ಏಷ್ಯಾಗಳ ಬಿಡುಗಡೆಯನ್ನೆಲ್ಲ ನಾನು ಓದಿದ್ದು ಕಲ್ಯಾಣದ ಬೆಳಗಿನ ಲೋಕಲಿನಲ್ಲಿ. ನೀವು ಆ ಗಾಡಿ ಹತ್ತಿದವರಲ್ಲದಿದ್ದರೆ ಒಂದು ಮಾತು ಹೇಳಬೇಕು. ಕಲ್ಯಾಣದಲ್ಲಿ ಹತ್ತಿದವರಿಗೆ ಸೀಟು, ಡೊಂಬಿವಲಿಯಲ್ಲಿ ಹತ್ತಿದವರಿಗೆ ನಿಲ್ಲುವ ಭಾಗ್ಯ. ಆದರೆ ಥಾಣೆ ಬಂದೊಡನೆ ಕೂತವರು ಏಳಬೇಕು, ನಿಂತವರು ಕೂರಬೇಕು. ಎಲ್ಲೂ ಬರೆದಿಟ್ಟ ಕಾನೂನಲ್ಲ, ಆದರೂ ಅದನ್ನು ಮುರಿದವನಿಗೆ ದಿನವೂ ಜೊತೆಗೆ ಹೋಗುವ ನಮ್ಮ ಗ್ರೂಪಿನಲ್ಲಿ ಮರುದಿನ ಯಾರೂ ಚಕ್ಕುಲಿ ಕೊಡುತ್ತಿರಲಿಲ್ಲ.

ಥಾಣೆಯ ನಂತರ ನನ್ನ ಸೀಟು ಶೆಟ್ರದ್ದು. ಉಡುಪಿ ಕಡೆಯವರು, ದಾದರಿನ ಹೋಟೆಲೊಂದರಲ್ಲಿ ಮ್ಯಾನೇಜರ್, ಅರವತ್ತರ ಹತ್ತಿರದ ವಯಸ್ಸು. ಹೋಟೆಲಿಗೆ ಕಾಲಿಟ್ಟರೆ ಮಧ್ಯಾಹ್ನದವರೆಗೆ ನಿಂತೇ ಇರಬೇಕಾದ ಕೆಲಸ. ಹಾಗಿದ್ದೂ ನನ್ನ ಕೈಯಲ್ಲಿ ಪುಸ್ತಕ ಕಂಡು ಅವರೇ ಹೇಳಿದ್ದರು: "ಪರೀಕ್ಷೆ ಮುಗಿಯುವ ತನಕ ನೀವೇ ಕೂತ್ಕೊಳ್ಳಿ ಮಾರಾಯ್ರೆ. ನಿಂತು ಓದಿದ್ರೆ ತಲೆಗೆ ಹೋಗುದಿಲ್ಲ."

ದಿನವೂ ಹಿಡಿಕೆಗೆ ಜೋತುಬಿದ್ದು, "ಇವತ್ತು ಯಾರಿಗೆ ಸಿಕ್ಕಿತು ಸ್ವಾತಂತ್ರ್ಯ?" ಎಂದು ವಿಚಾರಿಸುತ್ತಿದ್ದರು. "ಕೆನ್ಯಾಕ್ಕೆ," ಎಂದರೆ, ತಂಗಿಯ ಮಗಳಿಗೆ ಸಂಬಂಧ ಕುದುರಿದ ಹಾಗೆ, "ಒಳ್ಳೇದಾಯ್ತು," ಎನ್ನುತ್ತಿದ್ದರು.

ಪರೀಕ್ಷೆ ಮುಗಿಯಿತು. ಮರುದಿನ ಥಾಣೆ ಬಂದಾಗ ನಾನು ಏನು ಮಾಡಿದೆ ಗೊತ್ತೇ? ಪುಸ್ತಕ ತೆರೆದೆ. ಫಲಿತಾಂಶ ಬಂದಿಲ್ಲವಲ್ಲ, ಫೇಲಾದರೆ ಮತ್ತೆ ಬರೆಯಬೇಕಲ್ಲ ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ಹೊರಡಬೇಕಾದ ದೊರೆಗಳು 'ಇನ್ನೂ ಕಾಲ ಬಂದಿಲ್ಲ, ಇವರು ಸಿದ್ಧರಾಗಿಲ್ಲ' ಎಂದು ದಿನ ದೂಡಿದ್ದರ ಬಗ್ಗೆ ಅದೇ ಪರೀಕ್ಷೆಯಲ್ಲಿ ಎಂಟು ಪುಟ ಬರೆದು ಬಂದವನು ನಾನು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಶೆಟ್ರು ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸುತ್ತಿದ್ದರು. ಪ್ಯಾಂಟಿನೊಳಗೆ ಮೊಣಕಾಲಿಗೆ ಕಟ್ಟಿದ ಪಟ್ಟಿ ಉಬ್ಬಿ ಕಾಣುತ್ತಿತ್ತು. ಕಂಡೂ ಕಾಣದವನಂತೆ ನಾನು ಇಂಡೋನೇಷ್ಯಾದ ಪುಟವನ್ನು ದಿಟ್ಟಿಸುತ್ತಿದ್ದೆ. ತಿಂಗಳು ಕಳೆದ ಮೇಲೆ ಅವರು, "ಇಂಡೋನೇಷ್ಯಾಕ್ಕೆ ಇನ್ನೂ ಸಿಕ್ಕಲಿಲ್ವಾ?" ಎಂದು ಕೇಳಿದರು. ದನಿಯಲ್ಲಿ ದೂರಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮೂರನೇ ತಿಂಗಳು ಫಲಿತಾಂಶ ಬಂತು, ಸೆಕೆಂಡ್ ಕ್ಲಾಸ್. ಪೇಡೆ ಹಂಚಿಯಾಯಿತು, ಇನ್ನು ನೆಪ ಉಳಿದಿರಲಿಲ್ಲ. ಥಾಣೆ ಬಂದಾಗ ಎದ್ದೆ. ಸುಮ್ಮನೆ ಎದ್ದೆನೇ? ಗಂಟಲು ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ, "ಬನ್ನಿ ಶೆಟ್ರೆ, ಇವತ್ತಿಂದ ಈ ಸೀಟು ನಿಮಗೆ ಕೊಟ್ಟೆ," ಎಂದು ಘೋಷಿಸಿದೆ. ಶೆಟ್ರು ಕೂತರು. ಕಾಲು ಚಾಚಿ ಮೊಣಕಾಲು ನೀವಿಕೊಂಡು ಮೆಲ್ಲಗೆ, "ನೀವು ಕೊಡುದೆಂತ ಮಾರಾಯ್ರೆ? ಥಾಣೆ ಆದ್ಮೇಲೆ ಅದು ನಂದೇ ಅಲ್ವಾ?" ಎಂದರು.

ಗ್ರೂಪು ನಕ್ಕಿತು, ನಾನೂ ನಕ್ಕೆ. ಆದರೆ ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಮರುದಿನದಿಂದ ಅವರು ಯಾರಿಗೆ ಸಿಕ್ಕಿತೆಂದು ಕೇಳಲಿಲ್ಲ. ಕೆಲಸದಿಂದ ನಿವೃತ್ತರಾಗಿ, ಬೇರೆ ರೈಲುಮಾರ್ಗದ ಸೀವುಡ್ಸ್‌ನಲ್ಲಿರುವ ಮಗಳ ಮನೆಗೆ ಹೋದವರು ಮತ್ತೆ ನಮ್ಮ ಗಾಡಿ ಹತ್ತಲಿಲ್ಲ. ತಪ್ಪಾಯಿತು ಎನ್ನುವ ಒಂದು ಮಾತು ನನ್ನಲ್ಲೇ ಉಳಿಯಿತು.

ಭಾನುವಾರ ಸಂಜೆ ಮಗಳು ತಾನು ಬರೆದ ಉತ್ತರ ಓದಿ ತೋರಿಸಿದಳು. ಕೊನೆಯ ಸಾಲು, ಇಂಗ್ಲೆಂಡ್ ತನ್ನ ವಸಾಹತುಗಳಿಗೆ ಸ್ವಾತಂತ್ರ್ಯ ಕೊಟ್ಟಿತು ಎಂದು.

"ಕೊಟ್ಟಿತು ಅಂತ ಬರೀಬೇಡ," ಎಂದೆ.

"ಲೇಕಿನ್ ಪಪ್ಪಾ, ಆಪ್ ಕೇ ನೋಟ್ಸ್ ಮೇ ತೋ ಯಹೀ ಹೈ."

ನೋಡಿದೆ. ಟಿಪ್ಪಣಿಯಲ್ಲೂ ಅದೇ ಸಾಲು, ನನ್ನದೇ ಅಕ್ಷರ, ಅದೂ ಸ್ವಲ್ಪವೂ ಕುಲುಕದೆ ದುಂಡಗೆ ಕೂತಿತ್ತು. ಆ ಸಾಲನ್ನು ಪೆನ್ನಿನಿಂದ ಹೊಡೆದುಹಾಕಿ ಅವಳಿಗೆ ಶೆಟ್ರ ಕಥೆ ಹೇಳಿದೆ. ಪೂರ್ತಿ ಕೇಳಿ, "ಅಂಕಲ್ ಕೋ ಸಾರಿ ಬೋಲಾ?" ಎಂದಳು. ಹಳೆಯ ಗ್ರೂಪಿನವರೊಬ್ಬರಿಂದ ನಂಬರು ಪಡೆದು ಸೀವುಡ್ಸ್‌ಗೆ ಫೋನು ಹಚ್ಚಿದೆ.

ನನ್ನ ಹೆಸರು ಹೇಳಿದೆ. ಅವರಿಗೆ ತಕ್ಷಣ ನೆನಪಾಗಲಿಲ್ಲ. ಮತ್ತೆ ಹೇಗೆ ಶುರುಮಾಡುವುದೆಂದು ತಿಳಿಯದೆ, "ಶೆಟ್ರೆ, ಇಂಡೋನೇಷ್ಯಾಕ್ಕೆ ಸಿಕ್ಕಿತು. ನಂದು ತಪ್ಪಾಯ್ತು," ಎಂದೆ.

ಆ ಕಡೆಯಿಂದ ಅದೇ ಹಳೆಯ ದನಿ: "ಒಳ್ಳೇದಾಯ್ತು. ನೀವು ಈಗ ಎಲ್ಲಿದ್ದೀರಿ ಮಾರಾಯ್ರೆ, ಕೂತಿದ್ದೀರಾ ನಿಂತಿದ್ದೀರಾ?"

ಆಗ ಗಮನಿಸಿದೆ, ನಾನು ನಿಂತೇ ಇದ್ದೆ.