ಸೂಪಿನ ಪರವಾನಗಿ

ಈ ಪರದೇಶದ ನಮ್ಮ ಟೂಂಗಾಬಿ ಬಡಾವಣೆಯ ಗುರುಬಸವ ಅಂಕಲ್‌ಗೆ ಊಟವೆಂದರೆ ಎಲ್ಲಿ ಮಾಂಸ ಬೆರೆತಿದೆಯೋ ಎಂಬ ಆತಂಕ. ಮೊಸರಿನ ಡಬ್ಬಿ ಬಿಡಿ, ನೀರಿನ ಬಾಟಲಿಯ ಲೇಬಲನ್ನೂ ಎರಡು ಸಲ ಓದುತ್ತಾರೆ. ಬಾರ್ಬೆಕ್ಯೂಗೆ ಕರೆದರೆ ತಮ್ಮದೇ ಇಕ್ಕಳ ತರುತ್ತಾರೆ. ಹಳೆಯ ಇಂಗ್ಲೆಂಡಿನ ಕಾನೂನುಗಳು ಅವರ ಸಂಶೋಧನೆಯ ವಿಷಯ. “ಈಸ್ಟರ್ ಮುಂಚಿನ ಉಪವಾಸದಾಗ ಮಾಂಸ ತಿಂದ್ರ ದಂಡ ಹಾಕ್ತಿದ್ರು ನೋಡ್ರಿ! ಜಡ್ಡಾದವ್ರು ಪಾದ್ರಿ ಕಡೆಯಿಂದ ಚೀಟಿ ತರಬೇಕಿತ್ತು,” ಎಂದು ಸಿಕ್ಕವರಿಗೆಲ್ಲ ಹೇಳುತ್ತಾರೆ. ಈಚೆಗೆ ಊಟ ಸೇರದೆ ಸೊರಗಿದ ಹೆಂಡತಿ ಶಾಂಭವಿಗೆ ಡಾಕ್ಟರು ಕೋಳಿ ಸೂಪು ಹೇಳಿದರು. “ಅತ್ತಿಯವರು ಏನಂತಾರ್ರೀ?” ಎಂದು ಆಕೆ ಬಟ್ಟಲು ಮುಟ್ಟಲಿಲ್ಲ. ಈಗ ಅವರ ಫ್ರಿಜ್ ಮೇಲೊಂದು ಚೀಟಿ ಅಂಟಿದೆ: “ಶಾಂಭವಿ ಆರಾಮಾಗೂ ತನಕ ಸೂಪು ಕುಡೀಬಹುದು.” ಬರೆದದ್ದು ಅಂಕಲ್. ಕೆಳಗಿನ ನಡುಗುವ ಸಹಿ, ಮನೆಯೊಳಗೆ ಮೊಟ್ಟೆಯನ್ನೂ ಬಿಡದ ಅವರ ತಾಯಿ ದ್ಯಾಮವ್ವನದು.