ಕಾಲೂರುವ ಜಾಗ

ಭಾನುವಾರದ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊಳೆಯ ಕಡೆಯಿಂದ ಎದ್ದ ಮಂಜು ಗ್ಯಾಲರಿಯ ಕೆಳಗಿನ ಸಾಲುಗಳನ್ನು ಮುಳುಗಿಸಿದೆ. ಖಾಲಿ ಬೇಸ್‌ಬಾಲ್ ಮೈದಾನದ ನಡುವೆ, ಪಿಚರ್ ನಿಂತು ಚೆಂಡೆಸೆಯುವ ಮಣ್ಣಿನ ದಿಬ್ಬದ ಮೇಲೆ, ಆರ್ಲಿಸ್ ಹ್ರುಸ್ಕಾ ಮಂಡಿಯೂರಿ ಕೂತಿದ್ದಾರೆ. ಬೆರಳ ಗೆಣ್ಣಿನಿಂದ ನೆಲವನ್ನು ತಟ್ಟುತ್ತಾರೆ. ತಲೆ ವಾಲಿಸಿ ಕೇಳುತ್ತಾರೆ. ಒಂದು ಗೇಣು ಆಚೆಗೆ ಮತ್ತೆ ತಟ್ಟುತ್ತಾರೆ.

"ಟೊಳ್ಳು ಸದ್ದು ಬಂತು ಅಂದ್ರೆ ಒಳಗೆ ಬಿಟ್ಕೊಂಡಿದೆ ಅಂತ," ಎನ್ನುತ್ತಾರೆ, ತಲೆ ಎತ್ತದೆ. "ಕಾರ್ಖಾನೇಲೂ ಹೀಗೇ ತಟ್ಟಿ ಕೇಳ್ತಿದ್ವಿ. ಮಣ್ಣು ಸುಳ್ಳು ಹೇಳಲ್ಲ. ಆದ್ರೆ ನಾವು ಕೇಳ್ಬೇಕಲ್ಲ."

ಆರ್ಲಿಸ್‌ಗೆ ಅರವತ್ತು ದಾಟಿದೆ. ಐಯೋವಾದ ನಮ್ಮ ಕಾಲ್ಟನ್ ಬೆಂಡ್ ಊರಿನಲ್ಲಿ ಹಿಂದೆ ಹೊಲದ ನೀರು ಬಸಿಯುವ ಮಣ್ಣಿನ ಕೊಳವೆ ಮಾಡುವ ಕಾರ್ಖಾನೆಯಿತ್ತು. ಅವರ ಅಪ್ಪ ಅಲ್ಲಿ ಕೊಳವೆ ಸುಡುವ ಗೂಡಿಗೆ ಬೆಂಕಿ ಹಾಕುತ್ತಿದ್ದರು, ಮಗಳು ಆರ್ಲಿಸ್ ಜೇಡಿಮಣ್ಣು ಹದ ಮಾಡುತ್ತಿದ್ದರು. ಪ್ಲಾಸ್ಟಿಕ್ ಕೊಳವೆ ಬಂತು, ಗೂಡು ಆರಿತು. ಕೆಲಸ ಹೋದ ಚಳಿಗಾಲದಲ್ಲಿ ಗಂಡನೂ ತೀರಿಕೊಂಡ. ಅದಾದ ಎರಡು ವರ್ಷ ಏನು ಮಾಡಿದಿರಿ ಎಂದು ಕೇಳಿದರೆ "ಇದ್ದೆ" ಎನ್ನುತ್ತಾರೆ. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ಆಮೇಲೆ ಮೈದಾನದವರು ಮಣ್ಣು ಗೊತ್ತಿದ್ದವರನ್ನು ಹುಡುಕಿಕೊಂಡು ಬಂದರು. ಅಂದಿನಿಂದ ಈ ದಿಬ್ಬ ಅವರದು.

ನಮ್ಮ ತಂಡದ ಹೆಸರು ಹೆರನ್ಸ್. ಟೋಪಿಯ ಮೇಲೆ ಒಂಟಿಕಾಲಿನ ಕೊಕ್ಕರೆ. ದೂರದ ನಗರದ ದೊಡ್ಡ ತಂಡವೊಂದು ಆರಿಸಿಕೊಂಡ ಹುಡುಗರು ಮೇಜರ್ ಲೀಗ್ ತಲುಪುವ ಮೊದಲು ಒಂದೊಂದೇ ಮೆಟ್ಟಿಲು ಹತ್ತಬೇಕು. ಕೆಳಗಿನ ಮೆಟ್ಟಿಲುಗಳಲ್ಲೊಂದು ನಮ್ಮ ಊರು. ಚೆನ್ನಾಗಿ ಆಡಿದವನು ಇಲ್ಲಿ ಉಳಿಯುವುದಿಲ್ಲ. ಆಟ ಮುಗಿದ ಮೇಲೆ ಮ್ಯಾನೇಜರ್ ಕೋಣೆಗೆ ಕರೆಯುತ್ತಾರೆ, ಹುಡುಗ ಚೀಲ ಕಟ್ಟುತ್ತಾನೆ, ಬೆಳಗಾಗುವಷ್ಟರಲ್ಲಿ ಊರು ಬಿಟ್ಟಿರುತ್ತಾನೆ. ಯಾರೂ ವಿದಾಯ ಹೇಳುವುದಿಲ್ಲ. ಆರ್ಲಿಸ್‌ಗೆ ವಿಷಯ ತಿಳಿಯುವುದು ದಿಬ್ಬದಿಂದಲೇ.

"ಎಸೆಯೋವಾಗ ಮೈಭಾರ ಎಲ್ಲಾ ಮುಂದಿನ ಕಾಲಿಗೆ ಬೀಳುತ್ತೆ. ಅದು ಊರೋ ಜಾಗದಲ್ಲಿ ಗುಂಡಿ ಆಗುತ್ತೆ. ಒಬ್ಬೊಬ್ಬಂದು ಒಂದೊಂದು ಥರ. ಒಬ್ಬ ಹಿಮ್ಮಡಿ ಊರ್ತಾನೆ, ಒಬ್ಬ ಕೋಳಿ ಥರ ಕೆದರ್ತಾನೆ. ಒಂದು ವಾರ ಕಳೆದ್ರೂ ಆ ಗುಂಡಿ ಬೀಳ್ಲಿಲ್ಲ ಅಂದ್ರೆ, ಮೇಲೆ ಹೋದ ಅಂತ. ಇಲ್ಲಾ ಮನೆಗೆ ಹೋದ ಅಂತ."

ಆಟ ಮುಗಿದಾಗಲೆಲ್ಲ ಅವರ ಕೆಲಸ ಒಂದೇ. ಗುಂಡಿಯ ಸಡಿಲ ಮಣ್ಣು ಗುಡಿಸಬೇಕು. ತಳವನ್ನು ಕೆರೆದು ನೀರು ಕುಡಿಸಬೇಕು. ಸುಡದ ಜೇಡಿಮಣ್ಣಿನ ಇಟ್ಟಿಗೆ ಒತ್ತಿ, ದಮ್ಮಸು ಹೊಡೆದು, ಒಣಗದಂತೆ ಟಾರ್ಪಾಲು ಹೊದಿಸಬೇಕು. ಮರುದಿನ ಬೆಳಿಗ್ಗೆ ಬಂದು ತಟ್ಟಿ ನೋಡಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಊರಿನಲ್ಲಿ ಆಟವಿರುವ ಅರವತ್ತಾರು ದಿನ ಇದೇ ಕೆಲಸ. ಮಂಡಿಗೆ ಕಟ್ಟಿಕೊಂಡ ರಬ್ಬರಿನ ದಿಂಬು ಸವೆದು ಬಟ್ಟೆಯಂತಾಗಿದೆ.

ಬೇಲಿಯ ಆಚೆ ಕಾಫಿ ಫ್ಲಾಸ್ಕು ಹಿಡಿದು ಓರಿನ್ ಸ್ಕಾಗ್ ಬಂದು ನಿಲ್ಲುತ್ತಾರೆ. ಹಿಂದೆ ಊರಿನ ಅಂಚೆಯವರು, ಆರ್ಲಿಸ್‌ಗೆ ಶಾಲೆಯ ದಿನಗಳಿಂದ ಗೆಳೆಯ. ಇಲ್ಲಿ ಆಡಿ ಮೇಲೆ ಹೋದ ಹುಡುಗರು ಈಗ ಎಲ್ಲೆಲ್ಲಿದ್ದಾರೆ, ಹೇಗೆ ಎಸೆಯುತ್ತಿದ್ದಾರೆ ಎಂಬುದು ಅವರಿಗೆ ಬಾಯಿಪಾಠ. ಹಿಂದೆ ಮನೆಮನೆಗೆ ಕಾಗದ ಹಂಚಿದಂತೆ ಈಗ ಬೆಳಿಗ್ಗೆ ಬೇಲಿಯ ಬಳಿ ಸುದ್ದಿ ಹಂಚುತ್ತಾರೆ.

"ನಮ್ಮ ಕೆಂಪುಗೂದಲಿನವನು ನಿನ್ನೆ ಹನ್ನೊಂದು ಜನರನ್ನ ಔಟ್ ಮಾಡಿದ ಕಣೇ!"

"ಕಾಲು ಜಾರ್ಲಿಲ್ಲ ತಾನೆ?"

ಓರಿನ್ ನನ್ನ ಕಡೆ ತಿರುಗುತ್ತಾರೆ. "ನೋಡಿ, ಇವಳ ಹಣೆಬರಹ ಇದು. ಹುಡುಗ ನಾಳೆ ಮೇಜರ್ ಲೀಗಿಗೆ ಹೋಗ್ತಾನೆ ಅಂದ್ರೂ ಕೇಳೋದು ಕಾಲಿನ ಸುದ್ದೀನೇ. ಚಪ್ಪಲಿ ಅಂಗಡಿ ಇಡ್ಬೇಕಾಗಿತ್ತು ಇವಳು."

"ಇಟ್ಟಿದ್ರೆ ನಿನಗೆ ಸಾಲ ಕೊಡ್ತಿರ್ಲಿಲ್ಲ. ಕಾಫಿ ಹಾಕು."

ಮೂರು ವಾರದ ಹಿಂದೆ ಈ ಮಾತುಕತೆ ನಿಂತುಹೋಗಿತ್ತು. ಓರಿನ್ ಬರುತ್ತಿದ್ದರು, ಕಾಫಿ ಸುರಿಯುತ್ತಿದ್ದರು, ಹೋಗುತ್ತಿದ್ದರು. ಬೇಲಿಯ ಎರಡು ಕಡೆಯ ಆ ಮೌನವನ್ನು ನಾನು ದೂರದಿಂದ ನೋಡಿದ್ದೆ. ಏನೆಂದು ಕೇಳಲು ಧೈರ್ಯ ಬಂದಿರಲಿಲ್ಲ.

ಮಾತು ನಿಂತ ಆ ದಿನ ಮಧ್ಯಾಹ್ನದ ಆಟವಿತ್ತು. ಬೆಳಿಗ್ಗೆ ಪಡುವಣದಲ್ಲಿ ಮೋಡ ಕಪ್ಪಾಗಿ ಕಟ್ಟಿತ್ತು. ಮಳೆ ಬರುವ ಮೊದಲು ಟಾರ್ಪಾಲು ಹೊದಿಸಬೇಕೆಂಬ ಅವಸರದಲ್ಲಿ ಆರ್ಲಿಸ್ ಹಿಂದಿನ ರಾತ್ರಿ ತಡವಾಗಿ ಮುಗಿದ ಆಟದ ಗುಂಡಿಗೆ ಹೊಸ ಮಣ್ಣು ಒತ್ತಿದರು. ತಳಕ್ಕೆ ನೀರು ಕುಡಿಸಲಿಲ್ಲ. ಮಳೆ ಬಂದರೆ ಹೇಗೂ ಒದ್ದೆಯ ಕಾಟವೇ ಹೆಚ್ಚಲ್ಲವೇ ಎಂದುಕೊಂಡರು. ಮಳೆ ಹೊಳೆಯ ಆಚೆಯಿಂದಲೇ ಉತ್ತರಕ್ಕೆ ಹೋಯಿತು. ಒಣಗಿದ ಹಳೆಯ ಮಣ್ಣಿನ ಮೇಲೆ ಹಸಿ ಮಣ್ಣು ಹಪ್ಪಳದಂತೆ ಕೂತಿತ್ತು.

ಅಂದು ಎಸೆಯುತ್ತಿದ್ದವನು ಯೆರ್ಲಿನ್ ಫ್ರಿಯಾಸ್. ಡೊಮಿನಿಕನ್ ರಿಪಬ್ಲಿಕ್‌ನ ಕಬ್ಬಿನ ಸೀಮೆಯವನು, ಇಪ್ಪತ್ತು ವರ್ಷದವನು. ಈ ವರ್ಷ ಊರೆಲ್ಲ ಕಣ್ಣಿಟ್ಟಿರುವುದು ಇವನ ಮೇಲೆ. ಮೂರನೇ ಇನ್ನಿಂಗ್ಸಿನಲ್ಲಿ ಅವನ ಎಡಗಾಲು ಊರಿತು, ಅಂಗೈಯಗಲದ ಹೆಂಟೆಯೊಂದು ಕಿತ್ತು ಬಂತು, ಕಾಲು ಮುಂದಕ್ಕೆ ಸರಿಯಿತು. ತಡವಾಗಿ ಬೀಸಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಅವನು ಅಲ್ಲೇ ಕುಕ್ಕರಿಸಿದ.

ಈ ಮೈದಾನದಲ್ಲಿ 'ಮೊಣಕೈ' ಎಂಬ ಮಾತನ್ನು ಯಾರೂ ಆಡುವುದಿಲ್ಲ. ಮೊಣಕೈಯ ಎಲುಬುಗಳನ್ನು ಹಿಡಿದಿಡುವ ಕಟ್ಟು ಹರಿದರೆ ಶಸ್ತ್ರಚಿಕಿತ್ಸೆ, ವರ್ಷಕ್ಕೂ ಮೀರಿದ ಕಾಯುವಿಕೆ. ಕೆಳಗಿನ ಮೆಟ್ಟಿಲಿನ ಹುಡುಗನಿಗೆ ಬಹಳ ಸಲ ಊರಿಗೆ ಹಿಂದಿರುಗುವ ಟಿಕೆಟ್ಟು. ಆದ್ದರಿಂದ 'ಕೈ ದಣಿದಿದೆ' ಎನ್ನುತ್ತಾರೆ. ಅಂದು ಗ್ಯಾಲರಿಯಲ್ಲಿ ಅದನ್ನೂ ಯಾರೂ ಅನ್ನಲಿಲ್ಲ. ಯೆರ್ಲಿನ್‌ನನ್ನು ದೊಡ್ಡ ತಂಡದ ವೈದ್ಯರ ಬಳಿಗೆ ಕಳಿಸಿದರು.

ಆರ್ಲಿಸ್ ಅದೇ ಸಂಜೆ ಮ್ಯಾನೇಜರ್ ಟ್ರಾಸ್ಕ್‌ರ ಕೋಣೆಗೆ ಹೋಗಿ ಹೆಂಟೆಯನ್ನು ಮೇಜಿನ ಮೇಲಿಟ್ಟರು. "ತಳಕ್ಕೆ ನೀರು ಹಾಕಿರ್ಲಿಲ್ಲ. ನನ್ನ ತಪ್ಪು," ಎಂದರು. ಟ್ರಾಸ್ಕ್ ಅದನ್ನು ಕೈಯಲ್ಲಿ ತಿರುವಿ ನೋಡಿದರಂತೆ. "ನಾಳೆ ಬೆಳಿಗ್ಗೆ ಬಾ, ಆಟ ಇದೆ. ಒಂದು ಮಾತು, ಹುಡುಗನಿಗೆ ಮಾತ್ರ ಹೇಳ್ಬೇಡ. ನೆಲದ ಮೇಲೆ ಅನುಮಾನ ಬಂದವನು ಮನಸ್ಸು ಬಿಚ್ಚಿ ಎಸೆಯಲ್ಲ," ಎಂದರು.

"ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ ಆರ್ಲಿಸ್.

ಐದಾರು ದಿನ ಸುದ್ದಿಯಿಲ್ಲ. ಅವರು ರೇಡಿಯೋ ಹಾಕಲಿಲ್ಲ, ಫೋನು ನೋಡಲಿಲ್ಲ. ಒಂದು ಬೆಳಿಗ್ಗೆ ನೀರು ಬಿಡುತ್ತಿರುವಾಗ ಓರಿನ್ ಬೇಲಿಯ ಗೇಟು ತಳ್ಳಿಕೊಂಡು, ಆಗಷ್ಟೇ ಕತ್ತರಿಸಿ ನೀರುಣಿಸಿದ ಹುಲ್ಲಿನ ಮೇಲೆ ದಪ್ಪ ಬೂಟು ಹಾಕಿಕೊಂಡು ಓಡಿಬಂದರು. ಈ ಊರಿನಲ್ಲಿ ಅದು ಚರ್ಚಿನ ಬೆಂಚಿನ ಮೇಲೆ ಹತ್ತಿ ನಿಂತ ಹಾಗೆ.

"ಹುಲ್ಲು! ಹುಲ್ಲು ತುಳೀಬೇಡವೋ ಮುದಿಯಾ!"

"ಹರಿದಿಲ್ಲ ಕಣೇ!"

"ಹರಿಯುತ್ತೆ! ಹಸಿ ನೆಲ ಅದು, ಬೇರು ಸಮೇತ ಬರುತ್ತೆ!"

"ಹುಲ್ಲಲ್ಲ ಮಾರಾಯ್ತಿ, ಹುಡುಗನ ಕೈ! ಹರಿದಿಲ್ಲ! ನರಕ್ಕೆ ಏಟು ಅಷ್ಟೆ, ರೆಸ್ಟು ತಗೊಂಡ್ರೆ ಸಾಕಂತೆ!"

ಆರ್ಲಿಸ್ ಪೈಪನ್ನು ಕೆಳಗೆ ಬಿಟ್ಟು ದಿಬ್ಬದ ಕೆಸರಿನಲ್ಲೇ ಕೂತುಬಿಟ್ಟರು. ನೀರು ಹರಿಯುತ್ತಲೇ ಇತ್ತು. ಓರಿನ್ ಹೋಗಿ ನಲ್ಲಿ ನಿಲ್ಲಿಸಿದರು, ಮತ್ತೆ ಅದೇ ಹುಲ್ಲು ತುಳಿದುಕೊಂಡು. ಆ ಹೆಜ್ಜೆಗಳು ಈಗಲೂ ಒಂದಿಷ್ಟು ಹಳದಿಯಾಗಿ ಕಾಣುತ್ತವೆ. ಆರ್ಲಿಸ್ ಅವನ್ನು ಸರಿಮಾಡಿಸಿಲ್ಲ.

ಇವತ್ತು ಯೆರ್ಲಿನ್ ಮತ್ತೆ ಎಸೆಯುವ ದಿನ. ಮಂಜು ಕರಗುವ ಹೊತ್ತಿಗೆ ಅವನೊಬ್ಬನೇ ಮೈದಾನಕ್ಕೆ ಬರುತ್ತಾನೆ. ಎತ್ತರದ ಹುಡುಗ, ನಿದ್ದೆಗಣ್ಣು, ಕಾಲಿಗೆ ರಬ್ಬರ್ ಚಪ್ಪಲಿ. ದಿಬ್ಬದ ಅಂಚಿನಲ್ಲಿ ಚಪ್ಪಲಿ ಬಿಟ್ಟು ನಿಲ್ಲುತ್ತಾನೆ. ತನ್ನ ನಾಡಿನಲ್ಲಿ ಹಿರಿಯ ಹೆಂಗಸರನ್ನು ಕರೆಯುವಂತೆ ಅವನು ಆರ್ಲಿಸ್‌ರನ್ನು 'ದೋನ್ಯಾ' ಎನ್ನುತ್ತಾನೆ.

"ಏನ್ ದೋನ್ಯಾ, ಇಷ್ಟು ಬೇಗ?"

"ನೀನೇನು ಇಷ್ಟು ಬೇಗ? ತಿಂಡಿ ತಿಂದ್ಯಾ?"

"ಇನ್ನೂ ಇಲ್ಲ."

ಆರ್ಲಿಸ್ ಡಬ್ಬಿಯಿಂದ ಗಸಗಸೆ ತುಂಬಿದ ಕೊಲಾಚೆ ಬನ್ನು ತೆಗೆದುಕೊಡುತ್ತಾರೆ. ಅವನು ನಿಂತೇ ತಿನ್ನುತ್ತಾನೆ. ಆರ್ಲಿಸ್ ದಮ್ಮಸನ್ನು ಎತ್ತುತ್ತಾರೆ, ಹೊಡೆಯದೆ ಇಳಿಸುತ್ತಾರೆ. ಮ್ಯಾನೇಜರ್ ಬೇಡವೆಂದಿದ್ದ ಮಾತನ್ನು ಹೇಳಲೋ ಬೇಡವೋ ಎಂದು ತೂಗುತ್ತಿರುವುದು ನನಗೇ ಕಾಣುತ್ತಿದೆ. ಹೇಳಿದರೆ ಹುಡುಗನ ಕಾಲು ಅಳುಕಬಹುದು. ಹೇಳದಿದ್ದರೆ, ತಾನು ಹುಸಿ ಮಾಡಿದ ನೆಲದ ಮೇಲೆ ಅವನನ್ನು ಇನ್ನೊಮ್ಮೆ ನಂಬಿಕೆಯಿಂದ ನಿಲ್ಲಿಸಿದಂತಾಗುತ್ತದೆ.

"ಅವತ್ತು ನೀನು ಜಾರಿದ್ದಲ್ಲ," ಎನ್ನುತ್ತಾರೆ ಕೊನೆಗೆ. "ನಾನು ತಳಕ್ಕೆ ನೀರು ಹಾಕಿರ್ಲಿಲ್ಲ. ಮಣ್ಣು ಹಿಡ್ಕೊಳ್ಲಿಲ್ಲ. ತಪ್ಪು ನಂದು."

ಯೆರ್ಲಿನ್ ಬೆರಳಿಗಂಟಿದ ಗಸಗಸೆ ನೆಕ್ಕುತ್ತಾನೆ.

"ಗೊತ್ತು ದೋನ್ಯಾ."

"ಏನು ಗೊತ್ತು?"

"ಹೆಂಟೆ ಬಂತಲ್ಲ, ಅದರ ಅಡಿ ನುಣ್ಣಗಿತ್ತು, ಕೆಳಗಿನ ಮಣ್ಣಿಗೆ ಅಂಟೇ ಇರ್ಲಿಲ್ಲ. ನಮ್ಮೂರಲ್ಲಿ ದಿಬ್ಬ ನಾವೇ ಕಟ್ಟೋದು. ಬೆಳಿಗ್ಗೆ ಕಬ್ಬಿನ ಗಾಡಿ ಅದರ ಮೇಲೇ ಹೋಗುತ್ತೆ, ಸಾಯಂಕಾಲ ಮತ್ತೆ ಕಟ್ಟೋದು. ನೀರು ಹಾಕದೆ ಎಷ್ಟು ಸಲ ಬಿದ್ದಿದೀನಿ."

"ಮತ್ತೆ ಯಾಕೋ ಹೇಳ್ಲಿಲ್ಲ ಯಾರಿಗೂ?"

"ಹೇಳಿದ್ರೆ ನಿಮ್ಮನ್ನ ತೆಗೆದುಬಿಡ್ತಾರೆ ಅಂತ. ಡಾಕ್ಟ್ರು ಕೇಳಿದ್ರು, ನಾನೇ ಎಡವಿದೆ ಅಂದೆ."

ಆರ್ಲಿಸ್ ನಗುತ್ತಾರೆ. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ತುಂಬುತ್ತದೆ. "ಅಯ್ಯೋ ಪೆದ್ದಾ, ನಾನು ಅವತ್ತು ಸಾಯಂಕಾಲವೇ ಹೋಗಿ ಹೇಳ್ಬಿಟ್ಟೆ! ಟ್ರಾಸ್ಕ್ ನಿನಗೆ ಹೇಳ್ಬೇಡ ಅಂದ."

"ನನಗೆ? ನನಗೆ ಅವರು ಹೇಳಿದ್ದು, ಆಯಮ್ಮನ ಹತ್ರ ಕೈ ವಿಷಯ ಎತ್ತಬೇಡ, ಅಳ್ತಾಳೆ ಅಂತ."

"ನಾನು ಅಳ್ತೀನಾ?"

"ಈಗ ಅಳ್ತಾ ಇದೀರಲ್ಲ."

"ಗಸಗಸೆ ಕಣ್ಣಿಗೆ ಬಿತ್ತು. ತಗೋ, ಹಿಡಿ ಇದನ್ನ."

ದಮ್ಮಸನ್ನು ಅವನ ಕೈಗೆ ಕೊಡಹೋದವರು ಅರ್ಧಕ್ಕೆ ನಿಲ್ಲುತ್ತಾರೆ. "ಬೇಡ ಬೇಡ, ಕೈ ನಿಂದಲ್ಲ, ಅದು ಊರಿನದು." ಬದಲಿಗೆ ಅವನ ಬರಿಗಾಲನ್ನು ಹಿಡಿದು ಕಾಲೂರುವ ಜಾಗದಲ್ಲಿ ಇಡಿಸುತ್ತಾರೆ. "ಒತ್ತು. ಇನ್ನೂ ಒತ್ತು. ಏನಾದ್ರೂ ಅಲುಗಾಡುತ್ತಾ?" ಅವನು ತಲೆಯಾಡಿಸುತ್ತಾನೆ, ಇಲ್ಲ.

ಮಧ್ಯಾಹ್ನ ಬಿಸಿಲು ಚುರುಕಾಗಿದೆ. ಗ್ಯಾಲರಿಯಲ್ಲಿ ಮೆಕ್ಕೆಜೋಳ ಸುಡುವ ವಾಸನೆ. ಆರ್ಲಿಸ್ ಎಂದೂ ಕುರ್ಚಿಯಲ್ಲಿ ಕೂರುವವರಲ್ಲ. ಉಪಕರಣಗಳ ಕೋಣೆಯ ಬಾಗಿಲಲ್ಲಿ ಬಕೆಟ್ಟು ಬೋರಲು ಹಾಕಿ ಕೂರುತ್ತಾರೆ. ಅಲ್ಲಿಂದ ಚೆಂಡು ಎಲ್ಲಿ ಹೋಯಿತೆಂದು ಕಾಣುವುದಿಲ್ಲ. ದಿಬ್ಬ ಮಾತ್ರ ಕಾಣುತ್ತದೆ. ಅವರಿಗೆ ಅಷ್ಟೇ ಸಾಕು.

ಮೊದಲ ಎಸೆತಕ್ಕೆ ಯೆರ್ಲಿನ್ ಕಾಲೆತ್ತಿದಾಗ ಅವರ ಕೈ ಬಾಗಿಲ ಚೌಕಟ್ಟನ್ನು ಹಿಡಿಯುತ್ತದೆ. ಕಾಲು ಊರುತ್ತದೆ. ನಿಲ್ಲುತ್ತದೆ. ಗ್ಯಾಲರಿ ಕೂಗುತ್ತದೆ, ಅವರು ಕೂಗುವುದಿಲ್ಲ. ಎರಡನೆಯದು, ಮೂರನೆಯದು. ಕೈ ಚೌಕಟ್ಟಿನಿಂದ ಯಾವಾಗ ಇಳಿಯಿತೋ ನಾನು ನೋಡಲಿಲ್ಲ. ಎರಡನೇ ಇನ್ನಿಂಗ್ಸಿನ ನಡುವೆ ಆರ್ಲಿಸ್ ಇದ್ದಕ್ಕಿದ್ದಂತೆ ಮಾತಾಡುತ್ತಾರೆ.

"ಒಂದು ಆಸೆ ಇದೆ. ಇವನು ಮೇಲೆ ಹೋಗ್ತಾನಲ್ಲ, ಆ ದೊಡ್ಡ ಮೈದಾನಕ್ಕೆ. ಅವತ್ತು ಓರಿನ್ ಜೊತೆ ಬಸ್ಸು ಹತ್ತಿ ಹೋಗ್ಬೇಕು. ಎಲ್ಲರ ಹಾಗೆ ಮೇಲೆ ಕುರ್ಚೀಲಿ ಕೂತು ಜೋಳ ತಿಂತಾ ನೋಡ್ಬೇಕು. ಅವತ್ತು ಮಣ್ಣಿನ ಚಿಂತೆ ಬೇರೆ ಯಾರದೋ ಆಗಿರುತ್ತೆ."

ಮೂರು ಇನ್ನಿಂಗ್ಸು ಮುಗಿದ ಮೇಲೆ ಟ್ರಾಸ್ಕ್ ಅವನನ್ನು ದಿಬ್ಬದಿಂದ ವಾಪಸು ಕರೆಯುತ್ತಾರೆ. ಮೊದಲೇ ಗೊತ್ತುಮಾಡಿದ್ದು ಅಷ್ಟೇ. ಕೈ ಚೆನ್ನಾಗಿದೆ. ಓರಿನ್ ಟೋಪಿ ಬೀಸುತ್ತಾ ಗ್ಯಾಲರಿಯಿಂದ ಏನೋ ಅರಚುತ್ತಿದ್ದಾರೆ, ಕೇಳಿಸುತ್ತಿಲ್ಲ. ಹೆರನ್ಸ್ ಸೋಲುತ್ತಾರೆ. ಅದಕ್ಕಾಗಿ ಯಾರೂ ಮುಖ ಸಪ್ಪೆ ಮಾಡಿಕೊಂಡಂತಿಲ್ಲ.

ಜನ ಕರಗಿದ ಮೇಲೆ, ಇನ್ನೂ ಬಿಸಿಲಿರುವಾಗಲೇ, ಆರ್ಲಿಸ್ ಪೊರಕೆ ಹಿಡಿದು ದಿಬ್ಬ ಹತ್ತುತ್ತಾರೆ. ನಂತರದ ಇನ್ನಿಂಗ್ಸುಗಳಲ್ಲಿ ಎಸೆದವರ ಗುರುತುಗಳ ನಡುವೆ ಯೆರ್ಲಿನ್‌ನ ಗುಂಡಿ ಇದೆ: ಉದ್ದ ಹೆಜ್ಜೆ, ಬೆರಳು ಒಳಕ್ಕೆ ತಿರುಗಿದ್ದು, ಅಂಚು ಎಲ್ಲೂ ಒಡೆದಿಲ್ಲ. ಅವರು ಅದರೊಳಗೆ ಅಂಗೈ ಇಟ್ಟು ನೋಡುತ್ತಾರೆ.

ಸ್ನಾನ ಮುಗಿಸಿದ ಹುಡುಗ ಒದ್ದೆ ತಲೆಯಲ್ಲಿ ಬಂದು ದಿಬ್ಬದ ಕೆಳಗೆ ನಿಲ್ಲುತ್ತಾನೆ. ಓರಿನ್ ಹೇಳಿಕೊಟ್ಟಿರಬೇಕು.

"ಜಾರ್ಲಿಲ್ಲ, ದೋನ್ಯಾ."

"ನೋಡ್ದೆ. ಈಗ ಆ ಕಡೆ ಸರಿ, ಬೆಳಕಿಗೆ ಅಡ್ಡ ಬರ್ತಿದೀಯ."

ಈ ಒಂದು ಗುಂಡಿಯನ್ನಾದರೂ ಇವತ್ತಿಗೆ ಹಾಗೇ ಬಿಡಬಹುದಲ್ಲ ಎನ್ನುತ್ತೇನೆ. ಆರ್ಲಿಸ್ ಆಗಲೇ ಸಡಿಲ ಮಣ್ಣು ಗುಡಿಸಿ ಪೈಪು ಎಳೆದಿದ್ದಾರೆ. ತಳಕ್ಕೆ ನೀರು ಬಿಡುತ್ತಾರೆ, ಮಣ್ಣು ಕುಡಿಯುವವರೆಗೆ ಕಾಯುತ್ತಾರೆ, ಮತ್ತೊಮ್ಮೆ ಬಿಡುತ್ತಾರೆ.

"ಎಷ್ಟೋ ಹುಡುಗರು ಇಲ್ಲಿ ಕಾಲೂರಿ ಮೇಲೆ ಹೋದ್ರು," ಎನ್ನುತ್ತಾರೆ, ಇಟ್ಟಿಗೆ ಒತ್ತುತ್ತಾ. "ಒಬ್ಬನ ಗುರುತಾದ್ರೂ ಇಲ್ಲಿದೆಯಾ, ನೋಡಿ. ಇಲ್ಲ ಅಲ್ವಾ? ಅದೇ ನನ್ನ ಕೆಲಸ."